ಲೈನ್ 289ರ ಕೊನೆಯ ಬೋರ್ಡು

ಡಿಸೆಂಬರ್ 14, 2025. ಭಾನುವಾರ. ಮಧ್ಯಾಹ್ನ 1

ಇಪ್ಪತ್ಮೂರನೆಯ ಬೋರ್ಡೂ ಸಿಕ್ಕಿತು. ಹಾಲ್ಟೆ — ಡಚ್ಚರ ಬಾಯಲ್ಲಿ ಬಸ್ ಸ್ಟಾಪು — ‘ಔಡೆ ಮೋಲೆನ್’. ಆರು ವರ್ಷದಿಂದ ತುಂಡು ತುಂಡಾಗಿ ರದ್ದಾಗುತ್ತ ಬಂದ ಲೈನ್ 289 ಇವತ್ತು ಪೂರ್ತಿ ಮುಗಿಯಿತು. ಮೊದಲ ಸ್ಟಾಪಿನಿಂದ ಕೊನೆಯ ಸ್ಟಾಪಿನವರೆಗೆ ಎಲ್ಲ ಬೋರ್ಡೂ ಈಗ ನನ್ನ ಶೆಡ್ಡಿನಲ್ಲಿ.

ಡಿಸೆಂಬರಿನ ಎರಡನೇ ಭಾನುವಾರ ಹೊಸ ಟೈಮ್‌ಟೇಬಲ್ ಬರುತ್ತದೆ. ಅದೇ ನನ್ನ ಸುಗ್ಗಿ. ಸೈಕಲ್, ಅಲೆನ್ ಕೀ, ಥರ್ಮಾಸಿನಲ್ಲಿ ಚಹಾ. ಕಳ್ಳತನವಲ್ಲ — ರಸ್ತೆ ಕಚೇರಿಯವರ ಇ-ಮೇಲ್ ಇದೆ. ರದ್ದಾದ ಹಾಲ್ಟೆಯ ಬೋರ್ಡು ಅವರಿಗೆ ಗುಜರಿ, ಬೇಕಾದರೆ ಒಯ್ಯಬಹುದು. ಆದರೆ ಅಲ್ಲಿ ಬೇರೆ ಬಸ್ಸು ನಿಲ್ಲುವುದಿಲ್ಲ ಎಂದು ನಾವೇ ಖಾತ್ರಿ ಮಾಡಿಕೊಳ್ಳಬೇಕು. ಮಾಡಿಕೊಂಡೆ. ಚಿಪ್ ಟೆಸ್ಟ್ ಮಾಡಿ ಹೊಟ್ಟೆ ಹೊರೆಯುವವನು, ಎರಡು ಸಲ ನೋಡದೆ ಏನನ್ನೂ ನಂಬುವುದಿಲ್ಲ. ಕಂಬದ ಕೆಳಗೇ ನಿಂತು ಎರಡು ಆ್ಯಪ್ ತೆರೆದೆ. ಎರಡರಲ್ಲೂ ಒಂದೇ ಉತ್ತರ: ಇಂದು ಇಲ್ಲಿಂದ ಬಸ್ಸಿಲ್ಲ. ನಾಲ್ಕು ಸ್ಕ್ರೂ. ಐದು ನಿಮಿಷ.

ಮನೆಗೆ ಬಂದಾಗ ಊರ್ಮಿಳಾ, “ಬಂತು ನೋಡವಾ, ನಿಮ್ಮಪ್ಪನ ಇನ್ನೊಂದು ತಗಡು” ಎಂದು ಮಗಳನ್ನು ಕರೆದಳು. ಸಿಂಧೂರ ಫೋನಿನಿಂದ ತಲೆ ಎತ್ತಲಿಲ್ಲ.

ಡಿಸೆಂಬರ್ 20, ಶನಿವಾರ

ಹೆಂಡತಿಯ ಹೇರ್ ಡ್ರೈಯರ್ ಕದ್ದು ತಂದು ಕೆಲಸ. ಬಿಸಿ ಗಾಳಿ ಕೊಟ್ಟು ಸ್ಟಿಕ್ಕರ್ ಪದರ ಬಿಡಿಸುವುದು — ಅವಸರ ಮಾಡಿದರೆ ಹರಿಯುತ್ತದೆ. 289ರ ಕೆಳಗೆ 174. ಅದರ ಕೆಳಗೆ 61, ಹಳೆಯ ಅಕ್ಷರಗಳಲ್ಲಿ. ಆ 61 ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತೋ, ಹಳೇ ನಕ್ಷೆ ಹುಡುಕಬೇಕು. ಎಲ್ಲ ಕಿತ್ತ ಮೇಲೆ ಬರಿಯ ಅಲ್ಯೂಮಿನಿಯಂ ಉಳಿಯಿತು. ಮೂರು ಗಂಟೆ ಸುಖವಾಗಿ ಕಳೆಯಿತು.

ಸಿಟಿಜನ್‌ಶಿಪ್ ಅರ್ಜಿಯ ಪತ್ರ ಬಂದಿದೆ. ಕಾಗದಪತ್ರ ಸರಿ ಇವೆ, ಇನ್ನು ಪೊಲೀಸ್ ಚೆಕ್ ಮಾತ್ರ. ಈ ದೇಶದ ಹನ್ನೊಂದು ವರ್ಷದಲ್ಲಿ ಸೈಕಲ್ ಲೈಟಿನ ದಂಡ ಒಂದೇ. ಚಿಂತೆಯಿಲ್ಲ.

ಜನವರಿ 20, 2026. ಮಂಗಳವಾರ. ಸಂಜೆ 6

ಒಂದು ತಿಂಗಳು ಬರೆದಿಲ್ಲ. ಆಫೀಸಿನಲ್ಲಿ ಉಸಿರಾಡಲು ಬಿಟ್ಟಿರಲಿಲ್ಲ. ಇವತ್ತು ರಜೆ ಹಾಕಿ 289 ಓಡುತ್ತಿದ್ದ ಕಡೆ ಹೊಸದಾಗಿ ಶುರುವಾದ ಬ್ಯೂರ್ತ್‌ಬಸ್ಸಿನ ದಾರಿಯನ್ನು ನನ್ನ ನಕ್ಷೆಯಲ್ಲಿ ಗುರುತು ಮಾಡಲು ಹೋದೆ. ಎಂಟು ಸೀಟಿನ ವ್ಯಾನು. ಹಳ್ಳಿಯ ನಿವೃತ್ತರು ಸರದಿಯ ಮೇಲೆ ಪುಕ್ಕಟೆ ಓಡಿಸುತ್ತಾರೆ. ಮಂಗಳವಾರ ವಿಮ್ ಎನ್ನುವವನ ಪಾಳಿ. ಮೊದಲು ಪೋಸ್ಟ್‌ಮ್ಯಾನ್ ಆಗಿದ್ದನಂತೆ. ಮಾತುಗಾರ.

11.20. ಔಡೆ ಮೋಲೆನ್. ನನ್ನ ಕಂಬ. ಪಕ್ಕದಲ್ಲಿ ಒಬ್ಬ ಅಜ್ಜಿ, ಕೈಯೆತ್ತಿ ನಿಂತಿದ್ದಳು. ವಿಮ್ ನಿಲ್ಲಿಸಲಿಲ್ಲ. ತಾನೂ ಕೈಬೀಸಿ ಮುಂದೆ ಹೋದ.

ಯಾಕೆ ಎಂದು ಕೇಳಿದೆ. ಬೋರ್ಡಿಲ್ಲದ ಕಡೆ ನಿಲ್ಲಿಸಿದರೆ ಇನ್ಶೂರೆನ್ಸ್ ಇಲ್ಲವಂತೆ. ಒಬ್ಬ ಡ್ರೈವರ್ ನಿಲ್ಲಿಸಿ ಬಸ್ಸಿನ ಸಂಘದಲ್ಲಿ ಬೈಸಿಕೊಂಡನಂತೆ. ಬಸ್ಸು ಶುರುವಾಗುವ ಮೊದಲೇ ಯಾರೋ ಕಳ್ಳರು ಬೋರ್ಡು ಬಿಚ್ಚಿ ಒಯ್ದರು, ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ಹೊಸದು ಬರಲು ಇನ್ನೂ ಆರು ವಾರ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಬ್ಯಾಗು ಮುಟ್ಟಿ ನೋಡಿಕೊಂಡೆ.

ಅದೇ ಬೋರ್ಡಿನ ಬಳಿ ನಿಲ್ಲಬೇಕಿದ್ದ ಈ ಬಸ್ಸು ಸೋಮವಾರದಿಂದ ಶುಕ್ರವಾರ ಮಾತ್ರ. ನಾನು ಚೆಕ್ ಮಾಡಿದ್ದು ಭಾನುವಾರ! ಎರಡು ಸಲ ಟೆಸ್ಟ್ ಮಾಡಿದೆ — ಎರಡೂ ಸಲ ತಪ್ಪು ದಿನ. ಟ್ರೇನಿಯೊಬ್ಬ ಹೀಗೆ ಮಾಡಿದ್ದರೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದೆ.

ಅಜ್ಜಿಯ ಹೆಸರು ಟ್ರೂಸ್ ಎಂದು ವಿಮ್ ಹೇಳಿದ. ಗಂಡ ಪಕ್ಕದೂರಿನ ಕೇರ್ ಹೋಮಿನಲ್ಲಿದ್ದಾನೆ, ಮರೆವಿನ ಕಾಯಿಲೆ. ಮಧ್ಯಾಹ್ನದ ಊಟ ಅವಳ ಕೈಯಿಂದ ಮಾತ್ರ ತಿನ್ನುತ್ತಾನಂತೆ, ನರ್ಸ್ ಚಮಚ ತಂದರೆ ಬಾಯಿ ಮುಚ್ಚುತ್ತಾನೆ. ಡಿಸೆಂಬರಿನಲ್ಲಿ ಅವಳು ಎರಡು ಕಿಲೋಮೀಟರ್ ನಡೆದು ಮುಂದಿನ ಸ್ಟಾಪಿಗೆ ಹೋಗುತ್ತಿದ್ದಳು. ಮಂಜು ಹೆಪ್ಪುಗಟ್ಟಿದ ಮೇಲೆ ಅದೂ ಆಗಲಿಲ್ಲ. ನೆರೆಮನೆಯವರು ಕರೆದೊಯ್ದ ದಿನ ಮಾತ್ರ ಹೋಗುತ್ತಾಳೆ. ಅವನು ನಾಲ್ಕು ಕೆಜಿ ಇಳಿದಿದ್ದಾನೆ.

ನಾಚಿಕೆಯಾಯಿತು. ವಿಮ್‌ಗೆ ಏನೂ ಹೇಳದೆ ಕೊನೆಯ ಸ್ಟಾಪಿನಲ್ಲಿ ಇಳಿದೆ. ದಾರಿಯ ಗುರುತು ಮಾತ್ರ ಸರಿಯಾಗಿ ಮಾಡಿದ್ದೇನೆ.

ಜನವರಿ 22, ಗುರುವಾರ

ಸುಮ್ಮನೆ ಹೋಗಿ ಬೋರ್ಡು ತಿರುಗಿ ಹಾಕಿ ಬರೋಣವೆಂದರೆ ಅದು ಈಗ ಬೋರ್ಡೇ ಅಲ್ಲ. ಹೆಸರಿಲ್ಲ, ನಂಬರಿಲ್ಲ, ಬಸ್ಸಿನ ಚಿತ್ರವಿಲ್ಲ. ನಾನೇ ಕೂತು ಕಿತ್ತಿದ್ದೇನೆ. ಮಾರ್ಕರಿನಲ್ಲಿ ಬರೆದದ್ದನ್ನು ಸಂಘದವರು ಒಪ್ಪುತ್ತಾರೆಯೇ?

ಹೆಸರಿಲ್ಲದ ಪತ್ರ ಬರೆದು ಪಾರ್ಸೆಲ್ ಮಾಡಬಹುದು. ಬರೆದೆ. ಹರಿದೆ. ಆ ಪತ್ರದಿಂದ ಅಜ್ಜಿಯ ಗಂಡನ ಬಾಯಿಗೆ ಊಟ ಹೋಗುವುದಿಲ್ಲ.

ಹೆಸರು ಹೇಳಿದರೆ ಪೊಲೀಸ್ ದೂರಿನಲ್ಲಿ ಬರುತ್ತದೆ. ಅರ್ಜಿ ಚೆಕ್ಕಿನಲ್ಲಿದೆ. ತಿರಸ್ಕಾರವಾದರೆ ಮತ್ತೆ ಎಷ್ಟು ವರ್ಷವೋ… ಹೆದರಿಕೆಯಾಗಿದೆ.

ಜನವರಿ 25, ಭಾನುವಾರ

ಊಟದ ಹೊತ್ತಿಗೆ ಇಬ್ಬರಿಗೂ ಹೇಳಿದೆ. ಇ-ಮೇಲ್ ತೋರಿಸಿದೆ. ಎರಡು ಆ್ಯಪ್‌ಗಳ ಸ್ಕ್ರೀನ್‌ಶಾಟ್ ತೋರಿಸಿದೆ. ಸಿಂಧೂರ ಡಚ್‌ನಲ್ಲಿ ಏನೋ ಅಂದು, ನನಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೂ ಹೇಳಿದಳು: ಇಷ್ಟೆಲ್ಲ ದಾಖಲೆ ಇಟ್ಟುಕೊಂಡು ಕದ್ದರೂ ಕದ್ದ ಹಾಗೇ.

ಊರ್ಮಿಳಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅಲ್ರೀ, ಆಕಿ ಅಲ್ಲಿ ಥಂಡ್ಯಾಗ ನಿಂತಾಳ. ನೀವಿಲ್ಲಿ ಪಾಸ್‌ಪೋರ್ಟಿನ ಚಿಂತಿ ಮಾಡ್ಕೋತ ಕುಂತೀರಿ.”

ನಿನಗೂ ಮಗಳಿಗೂ ತೊಂದರೆಯಾಗಬಾರದಲ್ಲ ಅಂದೆ.

“ನಮ್ಮ ನೆವ ಹೇಳಬ್ಯಾಡ್ರಿ. ಹೋಗಿ ಒಪ್ಪಿಕೊಳ್ರಿ. ಬಂದದ್ದು ಬರಲಿ.”

ಆಮೇಲೆ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ.

ಜನವರಿ 26, ಸೋಮವಾರ. ಸಂಜೆ 5

ವಿಮ್ ಮನೆಗೆ ಹೋದೆ. ತಗಡು ಮೇಜಿನ ಮೇಲಿಟ್ಟು ಹೇಳಿದೆ. ಅವನು ಕಾಫಿ ಕೊಟ್ಟ, ಬಿಸ್ಕತ್ತು ಕೊಡಲಿಲ್ಲ. ತಗಡನ್ನು ಎತ್ತಿ ಎರಡೂ ಬದಿ ತಿರುಗಿಸಿ ನೋಡಿದ.

ಆಮೇಲೆ ಹೇಳಿದ: “ದೂರು ಕೊಟ್ಟಾಗಿದೆ. ನಿನ್ನ ಹೆಸರು ಅವರಿಗೆ ತಿಳಿಸಲೇಬೇಕು. ನಾನು ಮುಚ್ಚಿಡುವುದಿಲ್ಲ.”

ತಿಳಿಸಿ ಅಂದೆ. ಅರ್ಜಿಯ ವಿಷಯ ಬಾಯಿಯವರೆಗೆ ಬಂತು. ನುಂಗಿದೆ. ಹೆಸರು ಬರೆದುಕೊಟ್ಟೆ, ದಿವಾಕರ, ಮೊಬೈಲ್ ನಂಬರು. ಆಮೇಲೆ ಅವನು ಸಂಘದ ಸೆಕ್ರೆಟರಿಗೆ ಫೋನ್ ಮಾಡಿದ. ತಾತ್ಕಾಲಿಕ ಹಾಲ್ಟೆ ಮಾಡಲು ನಿಯಮದಲ್ಲಿ ಜಾಗವಿದೆಯಂತೆ. ಆದರೆ ಹೊಣೆ ಹೊತ್ತ ಒಬ್ಬರು ಹಳದಿ ಜಾಕೆಟ್ ಹಾಕಿಕೊಂಡು ಕಂಬದ ಬಳಿ ನಿಂತು ಬಸ್ಸು ನಿಲ್ಲಿಸಬೇಕು. ಅಂಥವರು ಯಾರೂ ಇಲ್ಲದ್ದರಿಂದ ಮಾಡಿರಲಿಲ್ಲ. ವಿಮ್ ಎದ್ದು ಹೋಗಿ ಒಂದು ಜಾಕೆಟ್ ತಂದು ತಗಡಿನ ಮೇಲೆ ಹಾಕಿದ.

ಜನವರಿ 27, ಮಂಗಳವಾರ. ಮಧ್ಯಾಹ್ನ 3

11.05ಕ್ಕೆ ಹೋಗಿ ನಿಂತೆ. ಟ್ರೂಸ್ ಅಜ್ಜಿ ಆಗಲೇ ಬಂದಿದ್ದಳು. ಡಬ್ಬಿಯ ಕೈಚೀಲ. ಮಗುವಿನ ಹಾಗೆ ಕಟ್ಟಿಕೊಂಡ ಮಫ್ಲರು.

ನನ್ನ ಮುರುಕು ಡಚ್‌ನಲ್ಲಿ ಹೇಳಿದೆ: ಬೋರ್ಡು ತೆಗೆದವನು ನಾನು. ಅವಳಿಗೆ ಕಿವಿ ಮಂದ. ಎರಡನೇ ಸಲ ಗಟ್ಟಿಯಾಗಿ ಹೇಳಬೇಕಾಯಿತು, ರಸ್ತೆಯಲ್ಲಿ ನಿಂತು, ಹಳದಿ ಜಾಕೆಟಿನಲ್ಲಿ.

ಯಾಕೆ ಎಂದು ಕೇಳಿದಳು. ಇಷ್ಟ, ಕೂಡಿಡುತ್ತೇನೆ ಅಂದೆ. ಅವಳು ಬೈಯಲಿಲ್ಲ. ನನ್ನ ಕಡೆ ಮತ್ತೆ ನೋಡಲೂ ಇಲ್ಲ.

ಬಸ್ಸು ಬಂತು. ಕೈ ಎತ್ತಿದೆ. ವಿಮ್ ನಿಲ್ಲಿಸಿದ. ಅಜ್ಜಿ ಹತ್ತಿ, ಬೆಲ್ಟ್ ಹಾಕಿಕೊಂಡು, ಬಾಗಿಲು ಮುಚ್ಚುವ ಮೊದಲು ಕೇಳಿದಳು:

“ನಾಳೆಯೂ ಬರುತ್ತೀಯಲ್ಲ?”

ಹೂಂ ಅಂದೆ.

ನಾಳೆ ಒಂಬತ್ತರಿಂದ ಹನ್ನೆರಡು ಡಿಸೈನ್ ರಿವ್ಯೂ, ನಾನಿಲ್ಲದೆ ಆಗುವುದಿಲ್ಲ. ಹೊಸ ಬೋರ್ಡು ಬರುವವರೆಗೆ ಇನ್ನೂ ಐದು ವಾರ, ವಾರಕ್ಕೆ ಐದು ದಿನ. ಆಫೀಸಿನ ರಜೆ ಫಾರ್ಮ್ ತೆರೆದು ಕೂತಿದ್ದೇನೆ. ತಾರೀಖು ತುಂಬಿದೆ, ಹೊತ್ತು ತುಂಬಿದೆ. ಕಾರಣ ಬರೆಯದೆ ಮುಂದೆ ಹೋಗಲು ಬಿಡುತ್ತಿಲ್ಲ. ಕಾರಣ: ಒಬ್ಬರಿಗೆ ಊಟ ಮುಟ್ಟಬೇಕು.