ಹಗೆಗೆ ಹೊಸ ಅರ್ಥ ಕೊಟ್ಟ ನಿಘಂಟು ಮಂಡಳಿಯ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

‘ಪರಭಾಷಾದ್ವೇಷ’ ಎಂಬ ಪದದ ಹಳೆಯ ಅರ್ಥವನ್ನು ನನಗೆ ಹಿಂದಿರುಗಿಸಿ. ‘ಬೇರೆಯವರ ನುಡಿಯ ಮೇಲೆ ಕಾರಣವಿಲ್ಲದ ಹಗೆ’ ಎಂದಿತ್ತು. ಹೊಸ ಮುದ್ರಣದಲ್ಲಿ ತಾವು ಅದನ್ನು ‘ಸ್ವಭಾಷೆಯ ರಕ್ಷಣೆಗೆ ಅಗತ್ಯವಾದ ಎಚ್ಚರ’ ಎಂದು ಮಾಡಿದ್ದೀರಿ. ಹಗೆಗೆ ಇಷ್ಟು ಅಚ್ಚುಕಟ್ಟಾದ ಅಂಗಿ ಹೊಲಿದ ದರ್ಜಿ ಯಾರು ಸ್ವಾಮಿ? ತಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುವ ನಾನು ಆ ಪುಟ ಓದಿದೆ. ಕಾಗುಣಿತ ಸರಿಯಿತ್ತು. ಸಹಿ ಹಾಕಿದೆ.

ನನ್ನ ಅತ್ತಿಗೆ ಹೆರಿಗೆ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ದಾದಿ. ಅವಳ ತವರಿನ ನುಡಿ ಬೇರೆ. ಕಳೆದ ತಿಂಗಳು ಅದೇ ನುಡಿಯ ಹೆಣ್ಣುಮಗಳೊಬ್ಬಳು ನೋವಿನಲ್ಲಿ ಕಿರುಚುತ್ತಿದ್ದಾಗ, ಇವಳು ಕೈ ಹಿಡಿದು, ಆ ನುಡಿಯಲ್ಲೇ, “ಹೆದರ್ಬೇಡ ಮಗಳೇ, ಉಸಿರು ಬಿಡು” ಎಂದಳು. ಮಗು ಕ್ಷೇಮವಾಗಿ ಹುಟ್ಟಿತು. ಪರಭಾಷೆ ಆಡಿದಳೆಂದು ಪಕ್ಕದ ಹಾಸಿಗೆಯ ಕಡೆಯವರು ದೂರು ಕೊಟ್ಟರು. ಸಂಜೆಯೊಳಗೆ ಅತ್ತಿಗೆಯನ್ನು ಅಮಾನತು ಮಾಡಿದರು.

ಇದು ಪರಭಾಷಾದ್ವೇಷವೆಂದು ಅರ್ಜಿ ಬರೆದು, ಇಬ್ಬರೂ ದೂರು ವಿಭಾಗಕ್ಕೆ ಹೋದೆವು. ಅಲ್ಲಿನ ಗುಮಾಸ್ತ ಒಳ್ಳೆಯವನೇ. ಕುರ್ಚಿ ಕೊಟ್ಟ, ನೀರು ಕೊಟ್ಟ. ಆಮೇಲೆ ತಮ್ಮ ನಿಘಂಟು ತೆರೆದು, ಸಾಲಿನ ಮೇಲೆ ಬೆರಳಿಟ್ಟ.

“ದ್ವೇಷ ಅಂತ ಬರ್ದಿದೀರಲ್ಲಮ್ಮ, ಇಲ್ನೋಡಿ. ಎಚ್ಚರವಾಗಿರೋದು ತಪ್ಪಾ? ಅರ್ಜಿ ನಿಲ್ಲಲ್ಲ.”

ಅತ್ತಿಗೆ ಎರಡು ಸಲ ಓದಿದಳು. ನನ್ನ ಕಡೆ ತಿರುಗಿದಳು.

“ಇದು ನಿನ್ ಕೈ ದಾಟಿ ಹೋಗಿದ್ದಾ?”

“ಅಕ್ಷರ ಮಾತ್ರ ನೋಡ್ದೆ ಅತ್ತಿಗೆ.”

ಅವಳು ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಈಗ ಅವಳ ತಾಯಿ ಫೋನ್ ಮಾಡಿದರೆ, ಕಿಟಕಿ ಮುಚ್ಚಿ ಕಿವಿಗಿಟ್ಟುಕೊಳ್ಳುತ್ತಾಳೆ. ಬರೀ ‘ಹ್ಞೂಂ’ ಎನ್ನುತ್ತಾಳೆ. ಆ ಮುದುಕಿ ಲೈನ್ ಕೆಟ್ಟಿದೆಯೆಂದು ಮತ್ತೆ ಮತ್ತೆ ಕೂಗುವುದು ನಮಗೆ ಕೇಳಿಸುತ್ತದೆ. ಮೊನ್ನೆ ಇಬ್ಬರು ಪಟ್ಟಿ ಹಿಡಿದು ಬಾಗಿಲಿಗೆ ಬಂದರು.

“ಮನೇಲಿ ಯಾವ ಭಾಷೆ ಆಡ್ತೀರಿ?”

ಅಣ್ಣ ಅತ್ತಿಗೆಯ ಮುಂದೆ ಅಡ್ಡ ನಿಂತು, “ಒಂದೇ” ಎಂದ. ಅವರು ನಕ್ಕು, ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಏನೋ ಗುರುತು ಹಾಕಿ ಹೋದರು. ನಮ್ಮ ಬೀದಿಯಲ್ಲಿ ಅಂಥ ಏಳು ಬಾಗಿಲುಗಳಿವೆ. ಆ ಗುರುತಿನ ಅರ್ಥ ತಮ್ಮ ಯಾವ ಸಂಪುಟದಲ್ಲಿದೆ?

ಹಳೆಯ ಅರ್ಥವನ್ನು ಅಚ್ಚು ಹಾಕಿಸಿ. ಅತ್ತಿಗೆಯನ್ನು ಕೆಲಸಕ್ಕೆ ಕರೆಯಿಸಿ. ನಿನ್ನೆ ನನ್ನ ಮೇಜಿಗೆ ಮುಂದಿನ ಕರಡು ಬಂದಿದೆ. ‘ವಲಸಿಗ’ ಎಂಬ ಪದದ ಎದುರು ‘ನೋಡಿ: ಕ್ರಿಮಿ’ ಎಂದಿದೆ. ಕಾಗುಣಿತ ಈ ಸಲವೂ ಸರಿಯಾಗಿದೆ. ನಾನು ಸಹಿ ಹಾಕುವುದಿಲ್ಲ. ಹಾಕುವವರು ಸಿಗುತ್ತಾರೆಂದು ಬಲ್ಲೆ. ಅದಕ್ಕೇ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಇಂತಿ,
ಬೇಕಾದಾಗ ಸುಮ್ಮನಿದ್ದು, ತಡವಾಗಿ ಬಾಯಿ ಬಿಟ್ಟ
ತಮ್ಮ ನೌಕರ