ಕುಂಚಿ ಅಂದರೆ ಕೀಲಿಕೈ

ಕೌಲಾಲಂಪುರ
೨೧ ಜೂನ್ ೨೦೨೫, ಶನಿವಾರ

ಪ್ರೀತಿಯ ನಸೀರಾ,

ನೀನೂ ಮಜೀದಣ್ಣನೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ಅವರ ಮೊಣಕಾಲು ಹೇಗಿದೆ? ಬೆಂಗಳೂರಿನ ವಿಮಾನ ನಿಲ್ದಾಣದಿಂದಲೇ ಬರೆಯುತ್ತೇನೆ ಎಂದಿದ್ದೆ, ಬರೆಯಲಿಲ್ಲ. ಇಲ್ಲಿಗೆ ಬಂದ ದಿನ ಬರೆಯಲು ಕುಳಿತು ಎರಡು ಸಾಲಿಗೇ ಹರಿದು ಹಾಕಿದೆ. ತಡವಾಯಿತೆಂದು ಸಿಟ್ಟಾಗಬೇಡ. ನೀನು ಕೇಳಿದ್ದಕ್ಕೆ ನಿನ್ನೆಯವರೆಗೂ ನನ್ನಲ್ಲಿ ಉತ್ತರವಿರಲಿಲ್ಲ.

ಫೋನಿನಲ್ಲಿ ಬರೆಯಬಹುದಿತ್ತು. ಆದರೆ ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ನೀನು ಹೇಳಿದ್ದು ನೆನಪಿದೆ: "ಫೋನಿನ್ಯಾಗ ಬರದ್ರ ಮೊದಲ ನಮ್ಮ ಸೊಸಿ ಫರ್ಹತ ಓದ್ತಾಳ, ಆಮ್ಯಾಲೆ ಇಡೀ ಓಣಿ ಓದ್ತದ. ಕಾಗದದಾಗ ಬರಿ. ಮುಂದ ಹೊಂಟಿಯೋ, ಅಲ್ಲಿಂದನ ಹೊಳ್ಳಿ ಬರ್ತಿಯೋ, ಅಷ್ಟ ಬರದ್ರ ಸಾಕು."

ನಾನು ಇಲ್ಲಿಂದಲೇ ಹಿಂದಿರುಗಿ ಬಂದರೂ ಬರಬಹುದು ಎಂದು ತಿಳಿದಿದ್ದವಳು ನೀನೊಬ್ಬಳೇ. ಇವರಿಗೂ ಹೇಳಿರಲಿಲ್ಲ. ನಾಳೆ ಸಂಜೆ ಆಸ್ಟ್ರೇಲಿಯಾದ ಪರ್ತ್ ಊರಿಗೆ ವಿಮಾನ. ಅಲ್ಲಿ ಮೋಟಾರ್‌ಹೋಮ್ ಹತ್ತಿದರೆ ಆರು ವಾರ ಅದೇ ಮನೆ. ಮಂಚ, ಒಲೆ, ಮೇಜು, ಬಚ್ಚಲು ಎಲ್ಲವೂ ನಿನ್ನ ಅಡುಗೆಮನೆಯಷ್ಟು ಜಾಗದಲ್ಲಿ. ಚಿತ್ರ ನೋಡಿ ನೀನು ಕೇಳಿದ್ದೆಯಲ್ಲ, "ಅಷ್ಟು ದೊಡ್ಡ ಮನ್ಯಾಗ ಮಾತಾಡದವ್ರು ಈ ಡಬ್ಬ್ಯಾಗ ಕುಂತು ಏನ್ ಮಾಡ್ತೀರಿ? ಮುಖ ಮುಖ ನೋಡ್ಕೋತ ಕುಂದ್ರತೀರೇನು?" ನಾನು ನಕ್ಕಿದ್ದೆ. ಬಸ್ಸು ಶಿಗ್ಗಾವಿ ದಾಟುವವರೆಗೂ ಆ ಪ್ರಶ್ನೆ ನನ್ನ ಪಕ್ಕದಲ್ಲೇ ಕುಳಿತಿತ್ತು.

ಹಿರೇಕೆರೂರಿನ ನಮ್ಮ ಮನೆಯನ್ನು ನೀನು ನೋಡಿದ್ದೀಯ. ಪಡಸಾಲೆ ಇವರದು, ಹಿಂದಿನ ಕೋಣೆ ನನ್ನದು. ಮಗಳು ವೀರಿ ವರ್ಷ ತುಂಬುವ ಮುಂಚೆಯೇ ಹೋದಳು, ಮತ್ತೆ ಮಕ್ಕಳಾಗಲಿಲ್ಲ. ಅಂದಿನಿಂದ ನಾವಿಬ್ಬರೂ ಒಂದೇ ಮನೆಯ ಇಬ್ಬರು ಸಭ್ಯ ಬಾಡಿಗೆದಾರರ ಹಾಗೆ ಬದುಕಿದೆವು. ಜಗಳವಾಡಿದ್ದು ನೆನಪಿಲ್ಲ. ಗೋವಿನಜೋಳದ ದರ, ಊಟದ ಹೊತ್ತು, ಕರೆಂಟು ಬಂತೇ ಹೋಯಿತೇ, ಇವಿಷ್ಟು ಮಾತು. ಮಗಳ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಅವರು ಅಂಗಡಿಗೆ ಹೋಗುತ್ತಿದ್ದರು, ನಾನು ಅನುವಾದದ ಕಾದಂಬರಿ ಹಿಡಿದು ಹಿಂದಿನ ಕೋಣೆಗೆ ಹೋಗುತ್ತಿದ್ದೆ. ಎದ್ದು ಹೋಗಲು ಇನ್ನೊಂದು ಕೋಣೆ ಇಲ್ಲದ ಕಡೆ ನಾವು ಹೇಗಿರುತ್ತೇವೆ? ನನಗೆ ಹೆದರಿಕೆ ಇದ್ದದ್ದು ಇಷ್ಟಕ್ಕೇ.

ಈ ಪ್ರವಾಸದ ಹುಚ್ಚು ಇವರಿಗೆ ಹಿಡಿದದ್ದೇಕೆ ಎಂಬುದೂ ನನಗೆ ತಿಳಿದಿರಲಿಲ್ಲ. ಕೇಳಿದರೆ ಒಂದೇ ಉತ್ತರ: "ಸವಣೂರಿನ ದೊಡ್ಡ ಹುಣಸಿಮರದ ಬೀಗರು ಆ ದೇಶದಾಗ ಅದಾವಂತ. ಹೋಗಿ ಮಾತಾಡಿಸಿಕೊಂಡು ಬರೂಣು." ಮಠದ ಹತ್ತಿರದ, ಪೇಪರಿನವರು ಬಾವೊಬಾಬ್ ಎಂದು ಬರೆಯುವ ಆ ಮೂರು ಮರಗಳ ಬುಡದಲ್ಲಿ ನಾನೂ ನೀನೂ ಆಡಿ ಬೆಳೆದವರು. ಹಿರೇಕೆರೂರಿನಲ್ಲಿ ಹುಟ್ಟಿದ ಇವರಿಗೆ ನಮ್ಮೂರಿನ ಮರದ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬಂತೋ!

ಇರಲಿ, ಮೊದಲು ಈ ಊರಿನ ಸುದ್ದಿ ಹೇಳುತ್ತೇನೆ. ನಾವು ಉಳಿದಿರುವುದು ಮಸ್ಜಿದ್ ಇಂಡಿಯಾ ಎಂಬ ಬೀದಿಯ ಹಿಂದಿನ ಸಣ್ಣ ಹೋಟೆಲಿನಲ್ಲಿ. ಬೀದಿಯ ತುಂಬ ಬಟ್ಟೆ ಅಂಗಡಿಗಳು. ನಿನ್ನನ್ನು ಕರೆತಂದಿದ್ದರೆ ಎರಡು ದಿನವೂ ಅಲ್ಲೇ ಕಳೆಯುತ್ತಿದ್ದೆ. ಮಧ್ಯಾಹ್ನವಾದ ಮೇಲೆ ಯಾರೋ ಮೇಲಿಂದ ಕೊಡ ಬೋರಲು ಹಾಕಿದ ಹಾಗೆ ಮಳೆ. ಯಾರೂ ಓಡುವುದಿಲ್ಲ, ಅಂಗಡಿಗಳ ಮುಂದಿನ ಕಮಾನಿನಡಿ ನಿಂತು ಸುಮ್ಮನೆ ಕಾಯುತ್ತಾರೆ. ಚಹಾ ಮಾಡುವವನು ಒಂದು ಮಗ್ಗಿನಿಂದ ಇನ್ನೊಂದಕ್ಕೆ ಕೈ ಎಷ್ಟುದ್ದ ಚಾಚುತ್ತದೋ ಅಷ್ಟುದ್ದ ಚಹಾ ಎಳೆಯುತ್ತಾನೆ. ಒಂದು ಹನಿ ಕೆಳಗೆ ಬೀಳುವುದಿಲ್ಲ. ಇವರು ಎರಡು ಸಲ ಚಹಾ ತರಿಸಿದ್ದು ಕುಡಿಯಲಿಕ್ಕೋ ನೋಡಲಿಕ್ಕೋ ಗೊತ್ತಾಗಲಿಲ್ಲ. ವೀಳ್ಯದೆಲೆಯೂ ಸಿಗುತ್ತದೆ, ಸ್ವಲ್ಪ ದಪ್ಪ. ಬಾಯಿಗೆ ಹಾಕಿಕೊಂಡು, "ಸವಣೂರ ಎಲಿ ಬಾಯಾಗ ಕರಗ್ತದ. ಇದು ಎಮ್ಮಿಗೆ ಹಾಕೂದು" ಎಂದರು. ಪುಣ್ಯಕ್ಕೆ ಮಾರುವವಳಿಗೆ ಕನ್ನಡ ಬರುತ್ತಿರಲಿಲ್ಲ.

ಆದರೆ ಇಲ್ಲಿಯವರ ಮಲಯ ಭಾಷೆಯಲ್ಲಿ ನಮಗೆ ಬರುವ ಎಷ್ಟೊಂದು ಮಾತುಗಳಿವೆ, ನಸೀರಾ! ಕುರ್ಚಿಗೆ ಕೆರುಸಿ, ಸಾಬೂನಿಗೆ ಸಾಬುನ್, ಅಲಮಾರಿಗೆ ಅಲ್ಮಾರಿ. ರೊಟ್ಟಿ ರೋಟಿಯೇ, ದುನಿಯಾ ದುನಿಯಾವೇ. ಹೇಗಿದ್ದೀರಿ ಎಂದು ಕೇಳಲು "ಅಪಾ ಖಬರ್" ಎನ್ನುತ್ತಾರೆ. ನಮ್ಮ ಕಡೆ "ಏನ್ ಖಬರ" ಎಂದ ಹಾಗೆಯೇ. ಇವರಿಗೆ ಇದು ಆಟವಾಯಿತು. ಬೋರ್ಡು ಓದುವುದು, ಅರ್ಥ ಊಹಿಸುವುದು, ನನ್ನ ಕಡೆ ತಿರುಗಿ "ಇದೂ ನಮ್ಮದ" ಎನ್ನುವುದು. ಎಷ್ಟೋ ವರ್ಷಗಳಲ್ಲಿ ಇವರು ಒಂದೇ ದಿನ ನನ್ನೊಡನೆ ಇಷ್ಟು ಮಾತಾಡಿದ್ದಿಲ್ಲ. ಮೊನ್ನೆ ಸಂಜೆ, ಮುಂದೆ ಹೋದರೂ ಹೋಗಬಹುದು ಅನ್ನಿಸಿತು.

ಅಷ್ಟರಲ್ಲಿ ಬ್ಯಾಗಿನ ಜಗಳ ಹುಟ್ಟಿತು. ಆಸ್ಟ್ರೇಲಿಯಾದೊಳಗೆ ಎಲೆ, ಬೀಜ, ಕಾಯಿ ಯಾವುದನ್ನೂ ಬಿಡುವುದಿಲ್ಲ. ನೀನು ಕಟ್ಟಿಕೊಟ್ಟ ಖಾರ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟ ಎಲೆ ಎಲ್ಲವನ್ನೂ ಇಲ್ಲೇ ಮುಗಿಸಬೇಕೆಂದು ನಿನ್ನೆ ಬೆಳಿಗ್ಗೆ ಸಾಮಾನು ಹರವಿಕೊಂಡು ಕುಳಿತಿದ್ದೆ. ಇವರ ಹೆಗಲಿನ ಬ್ಯಾಗಿಗೆ ಕೈ ಹಾಕಿದೆ.

"ಅದನ್ನ ಮುಟ್ಟಬ್ಯಾಡ" ಎಂದರು.

"ಎಲಿ ಗಿಲಿ ಉಳಿದಿದ್ರ ಅಲ್ಲಿ ದಂಡ ಹಾಕ್ತಾರ್ರಿ."

"ನನ್ನ ಬ್ಯಾಗ ನಾ ನೋಡ್ಕೋತೇನಿ. ನೀ ನಿಂದು ನೋಡ್ಕೊ."

ಅವರ ದನಿ ಅಷ್ಟು ಗಡುಸಾದದ್ದನ್ನು ನಾನು ಕೇಳಿರಲಿಲ್ಲ. ದೊಡ್ಡಹುಣಸೆಯ ಕಾಯಿಯನ್ನು ಬಚ್ಚಿಟ್ಟುಕೊಂಡು ಒಯ್ಯುತ್ತಿದ್ದಾರೆ, ಬೀಗರಿಗೆ ಉಡಿ ತುಂಬುವವರ ಹಾಗೆ ಅಲ್ಲಿ ಬೀಜ ಹಾಕಿ ಬರುವ ಯೋಚನೆ ಇರಬೇಕು ಎಂದುಕೊಂಡೆ. ನಗುವೂ ಬಂತು, ಸಿಟ್ಟೂ ಬಂತು. ಒಂದು ಬ್ಯಾಗನ್ನು ಹೆಂಡತಿಗೆ ತೋರಿಸಲಾರದವರ ಜೊತೆ ಒಂದೇ ಕೋಣೆಯ ಗಾಡಿಯಲ್ಲಿ ಆರು ವಾರ! ಹಿಂದಿರುಗುವ ಟಿಕೆಟಿನ ವಿಚಾರವನ್ನು ಕೆಳಗೆ ಕೌಂಟರಿನಲ್ಲಿ ಕೇಳಬೇಕೆಂದು ಆಗಲೇ ಮನಸ್ಸಿನಲ್ಲಿ ಮಾಡಿಕೊಂಡೆ.

ಕೌಂಟರಿನ ಹುಡುಗಿ ತಲೆಗೆ ಗುಲಾಬಿ ಬಣ್ಣದ ಸ್ಕಾರ್ಫು ಕಟ್ಟಿದ್ದಳು, ನಗುಮುಖದವಳು. ಹೊರಗೆ ಹೋಗುವವರು ಕೋಣೆಯ ಕೀಲಿಕೈ ಅವಳಿಗೆ ಕೊಟ್ಟು ಹೋಗಬೇಕು. ಮೊದಲ ದಿನ ನಾನು ಕೊಟ್ಟಿದ್ದೆ, ನಿನ್ನೆ ಅದು ಇವರ ಹತ್ತಿರ ಇತ್ತು. ನಾನು ಬಾಯಿ ತೆರೆಯುವ ಮುಂಚೆ ಅವಳು ಇವರ ಕಡೆ ಕೈ ಚಾಚಿ, "ಅಂಕಲ್, ಕುಂಚಿ?" ಎಂದಳು.

ಇವರು ನಿಂತುಬಿಟ್ಟರು.

"ಕುಂಚಿ, ಅಂಕಲ್, ಕುಂಚಿ." ಬೆರಳು ಇವರ ಬ್ಯಾಗನ್ನೇ ತೋರಿಸುತ್ತಿತ್ತು.

ಇವರ ಮುಖ ಬೆಳ್ಳಗಾಯಿತು. ಬ್ಯಾಗನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ಅಚ್ಚ ಕನ್ನಡದಲ್ಲಿ ಕೂಗಿದರು: "ಕೊಡೂದಿಲ್ಲ! ಏನು ಮಾಡ್ತಿ ಮಾಡಿಕೋ. ಅದು ನಮ್ಮ ಕೂಸಿಂದು ಐತಿ!"

ಬಾಗಿಲ ಕಾವಲುಗಾರ ಹತ್ತಿರ ಬಂದ. ಸೋಫಾದ ಮೇಲಿದ್ದ ಚೀನೀ ದಂಪತಿ ಎದ್ದು ನಿಂತರು. ಹುಡುಗಿ ಗಾಬರಿಯಿಂದ ಹಲಗೆಗೆ ತೂಗುಹಾಕಿದ್ದ ಬೇರೆ ಕೋಣೆಯ ಕೀಲಿಕೈ ಎತ್ತಿ, ಗಾಳಿಯಲ್ಲಿ ತಿರುಗಿಸಿ ತೋರಿಸಿದಳು. "ಕುಂಚಿ. ರೂಮ್ ಕುಂಚಿ." ಕುಂಚಿ ಅಂದರೆ ಇಲ್ಲಿ ಕೀಲಿಕೈ, ನಸೀರಾ. ಇವರು ಅಂಗಿಯ ಜೇಬಿನಿಂದ ತೆಗೆದುಕೊಟ್ಟರು. ಕಾವಲುಗಾರ ಇವರ ಬೆನ್ನು ತಟ್ಟಿದ, ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೂಸು ಎಂಬ ಮಾತನ್ನು ಇವರ ಬಾಯಿಂದ ಕೇಳಿ ನಲವತ್ತು ವರ್ಷವಾಗಿತ್ತು.

ಹೊರಗೆ ಮಳೆ ಶುರುವಾಗಿತ್ತು. ಚಹಾದಂಗಡಿಯಲ್ಲಿ ಕುಳಿತೆವು. ಇವರು ಅಂಗೈಯಿಂದ ಮೇಜು ಒರೆಸಿ, ಬ್ಯಾಗು ತೆರೆದು, ಒಂದು ಬಿಳಿ ಕರವಸ್ತ್ರದ ಗಂಟು ಬಿಚ್ಚಿದರು. ವೀರಿಯ ಕುಂಚಿಗಿ, ನಾವು ಮನೆಯಲ್ಲಿ ಕುಂಚಿ ಎನ್ನುತ್ತಿದ್ದ ಟೋಪಿ. ನಿಮ್ಮ ಅವ್ವ ಜನ್ನತಬಿ ಕೌದಿ ಹೊಲಿದು ಉಳಿದ ತುಂಡುಗಳಲ್ಲಿ ಹೊಲಿದಿದ್ದರಲ್ಲ, ಅದೇ. ಕೆಂಪು ಖಣ, ಕಿವಿ ಮುಚ್ಚುವ ಕಡೆ ಒಂದು ಹಸಿರು ತುಂಡು, ಬೆನ್ನಿನ ಮೇಲೆ ಇಳಿಬೀಳುವ ಅಂಚಿಗೆ ಸೊಟ್ಟ ಹೊಲಿಗೆ. "ಕೂಸಿನ ತಲಿ ತಣ್ಣಗ ಆಗಬಾರದು, ಛಂದ ಕಾಣದಿದ್ರೂ ನಡೀತದ" ಎಂದಿದ್ದರು. ಅದು ಮಗುವಿನ ಜೊತೆಗೇ ಮಣ್ಣಿಗೆ ಹೋಯಿತೆಂದು ಮನೆಯ ಹಿರಿಯರು ನನಗೆ ಹೇಳಿದ್ದರು. ನಿನಗೆ ಅಸದ ಹುಟ್ಟಿದಾಗ ನೀನು ಆ ಕುಂಚಿಗಿ ಕೇಳಿದ್ದೆ, ನಿನಗೂ ನಾನು ಅದನ್ನೇ ಹೇಳಿದ್ದೆ.

ಇವರು ಅದರ ಮೇಲಿಂದ ಕಣ್ಣೆತ್ತದೆ ಹೇಳಿದರು:

"ನಾ ಹತ್ತಿ ಲಾರಿ ತಗೊಂಡು ಇಚಲಕರಂಜಿಗೆ ಹೋಗಿದ್ದೆ. ಬಂದು ನೋಡಿದ್ರ ಎಲ್ಲಾ ಮುಗಿಸಿಬಿಟ್ಟಿದ್ರು. ಮುಖ ಸೈತ ಸಿಗಲಿಲ್ಲ. ಕಾಲು ತೊಳಿಯಾಕ ಹಿತ್ತಲಕ ಹೋದ್ರ ಇದು ಹಗ್ಗದ ಮ್ಯಾಲೆ ಒಣಗಾಕತ್ತಿತ್ತು. ಇನ್ನೂ ಹಸೀನ ಇತ್ತು. ಮಡಚಿ ಅಂಗಿ ಒಳಗ ಇಟ್ಕೊಂಡೆ. ನಿನಗ ತೋರಸಬೇಕಂತ ಒಳಗ ಬಂದೆ. ನೀ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ದಿ."

"ಕರೀಬೇಕಿತ್ತು" ಎಂದೆ.

"ಹೂಂ. ಕರೀಬೇಕಿತ್ತು."

ಮಳೆಯ ಕಡೆ ನೋಡುತ್ತ ಹೇಳಿದರು: "ನೀ ತವರಮನ್ಯಾಗ ಇದ್ದಾಗ ಬಂದಾಗೊಮ್ಮೆ ಆಕೀನ ದೊಡ್ಡ ಹುಣಸಿ ಬುಡಕ್ಕ ಒಯ್ತಿದ್ನಲ್ಲ, ಈ ಕುಂಚಿಗಿ ಕಟ್ಟಿಕೊಂಡು. ಇಂಥಾ ಮರ ಸಮುದ್ರದಾಚೆನೂ ಅದಾವ, ನೀ ದೊಡ್ಡಾಕಿ ಆಗು, ಗಾಡ್ಯಾಗ ಕುಂದ್ರಿಸಿಕೊಂಡು ಒಯ್ತೇನಿ ಅಂತಿದ್ದೆ. ಮತ್ತ ಅಂದದ್ದು ಮಾಡಬೇಕಲ್ಲ?"

ಬೀಗರು ಎಂದು ನಗಿಸುತ್ತಿದ್ದ ಮಾತಿನ ಹಿಂದೆ ಇದಿತ್ತು. ಕುಂಚಿಗಿಯನ್ನು ನಾನೇ ಮಡಚಿದೆ. ಹೆಬ್ಬೆರಳಿಗೆ ನಿಮ್ಮ ಅವ್ವನ ಸೊಟ್ಟ ಹೊಲಿಗೆ ಸಿಕ್ಕಿತು. ಆಮೇಲೆ ನನ್ನ ಬ್ಯಾಗಿನಲ್ಲಿಡಲೇ ಎಂದು ಕೇಳಿದೆ. "ಬ್ಯಾಡ, ನನ್ನ ಹಂತೇಕ ಇರ್ಲಿ. ನಿನಗ ಬೇಕಾದಾಗ ಕೇಳು" ಎಂದರು. ಕೋಣೆಗೆ ಹೋಗುವಾಗ ಕೌಂಟರಿನ ಹುಡುಗಿ ನಗುತ್ತ ಕೀಲಿಕೈ ಚಾಚಿದಳು. ಇವರೇ ಮೊದಲು "ಕುಂಚಿ" ಎಂದರು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಹಿಂದಿರುಗುವುದಾದರೆ ಕಾಗದಕ್ಕಿಂತ ಮೊದಲು ನಾನೇ ಬಂದು ನಿನ್ನ ಬಾಗಿಲು ಬಡಿಯುತ್ತಿದ್ದೆ. ಈ ಪತ್ರ ನಿನ್ನ ಕೈ ಸೇರಿದೆ ಎಂದರೆ ನಾವು ಎಲ್ಲೋ ಒಂದು ಉದ್ದನೆಯ ರಸ್ತೆಯ ಮೇಲಿದ್ದೇವೆ ಎಂದೇ ತಿಳಿ. ಟಿಕೆಟಿನ ವಿಚಾರ ನಾನು ಕೇಳಲಿಲ್ಲ.

ಮಜೀದಣ್ಣನಿಗೆ ನಮ್ಮಿಬ್ಬರ ನಮಸ್ಕಾರ. ಅಸದನಿಗೂ ಫರ್ಹತಗೂ ಆಶೀರ್ವಾದ. ನಿನ್ನ ಮನೆಯ ಅಂಗಳ ಮಕ್ಕಳ ಗದ್ದಲದಿಂದ ಯಾವಾಗಲೂ ತುಂಬಿರಲಿ. ಪುರುಸೊತ್ತಾದರೆ ಒಂದು ಸಂಜೆ ಆ ಮರಗಳ ಕಡೆ ಹೋಗಿ ಬಾ.

ನಿನ್ನ
ಸುಧಾರಾಣಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಏಳಲಿಲ್ಲ. ನಿನ್ನೆ ಚಹಾದಂಗಡಿಯಿಂದ ಏಳುವಾಗ ಇವರು ಕೇಳಿದರು, "ಆವತ್ತು ಕಡೀಕ ಆಕಿ ಏನು ಮಾಡಿದ್ಲು?" ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ, ನೀನೂ ಕೇಳಲಿಲ್ಲ. "ನಿದ್ದಿ ಮಾಡಿದ್ಲು" ಎಂದುಬಿಟ್ಟೆ. ನಿದ್ದೆ ಮಾಡಲಿಲ್ಲ, ನಸೀರಾ. ಓಣಿಯಲ್ಲಿ ಯಾವುದೋ ಲಾರಿ ಹೋಯಿತು. ವೀರಿ ಕಣ್ಣು ತೆರೆದಳು, ಬಾಗಿಲ ಕಡೆ ತಿರುಗಿ, ಅಪ್ಪನ ಲಾರಿ ಬಂದಾಗ ಮಾಡುತ್ತಿದ್ದ ಹಾಗೆ ತುಟಿ ಕೂಡಿಸಿ "ಬುರ್ರ್" ಎಂದಳು. ಆ ಸಪ್ಪಳ ಇವರ ಲಾರಿಯದಲ್ಲ ಎಂದು ನನಗೆ ಗೊತ್ತಿತ್ತು. ಆದರೂ "ಹೌದವಾ, ಅಪ್ಪ ಬಂದ" ಎಂದೆ. ಅದನ್ನು ಕೇಳಿಕೊಂಡೇ ಹೋದಳು. ಇದನ್ನು ಇವರಿಗೆ ಹೇಳಬೇಕು. ಮನೆಯಲ್ಲಾದರೆ ಹೇಳಿದೊಡನೆ ಒಬ್ಬರು ಎದ್ದು ಇನ್ನೊಂದು ಕೋಣೆಗೆ ಹೋಗಿಬಿಡುತ್ತೇವೆ. ಗಾಡಿಯಲ್ಲಿ ಇನ್ನೊಂದು ಕೋಣೆ ಇಲ್ಲ.