ಕಾರು ಕಳಿಸು ಎಂದವಳಿಗೆ

ಭಾನುವಾರ, ೧೪ ಸೆಪ್ಟೆಂಬರ್
ಅಡುಗೆಮನೆಯ ಮೇಜಿನಿಂದ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಕೂತು ಈಗಲೇ ಆಕಳಿಸುತ್ತಿರುವ ಮಹಾಜನಗಳೇ! ಸಾಲ ಮಾಡಿ ಸೋತವನ, ಸೋತು ಸಹಿ ಹಾಕಿದವನ ತಲೆಯ ಮೇಲೆ ಕಾರೆಂಬ ಕಿರೀಟ ಬಂದು ಕೂತ ಬಗೆ ಹೇಗೆ ಎಂಬ ಗಹನ ವಿಷಯದ ಮೇಲೆ ಎರಡು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ವಂದನೆಗಳು.

ಪ್ರೀತಿಯ ಪುಟ್ಟಿ,

ಹೇಗಿದ್ದೀಯಾ? ಹಾಸ್ಟೆಲಿನ ಮಂಚ ಇನ್ನೂ ಕಿರುಗುಟ್ಟುತ್ತದೆಯಾ? "ಅಪ್ಪಾ, ರಜೆಗೆ ಕಾರು ಕಳಿಸು" ಎಂದು ನೀನು ಮೆಸೇಜ್ ಹಾಕಿ ಎಷ್ಟೋ ದಿನವಾಯಿತು, ಉತ್ತರ ತಡವಾಯಿತು, ಕ್ಷಮಿಸು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂಂ ಹ್ಞೂಂ, ಆಮೇಲೆ ಮಾಡ್ತೀನಪ್ಪಾ" ಎಂದು ನನ್ನನ್ನು ಅರ್ಧ ವಾಕ್ಯದಲ್ಲೇ ಇಳಿಸಿ ಹೋಗಿಬಿಡುತ್ತೀಯ. ಕಾಗದವಾದರೆ ಕೊನೆಯ ನಿಲ್ದಾಣದವರೆಗೂ ಕೂರಲೇಬೇಕು.

ಅಲ್ಲ, ಕಳಿಸಲು ಕಾರೇನು ಪಾರ್ಸೆಲ್ಲೇ? ತಾನೇ ಹೋಗಿ ತಾನೇ ಬರುವ ಮಾದರಿ ನಿನ್ನ ಮಾವನ ಕೈಗೆ ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ದರೆ ನನಗೆ ಕೊಡುತ್ತಿರಲಿಲ್ಲ.

ಆ ಕಾರು ಮನೆಗೆ ಬಂದ ದಿನ ನೀನು ಅಜ್ಜಿಯ ಜೊತೆಗಿದ್ದೆ. ಒಳ್ಳೆಯ ನಾಟಕ ತಪ್ಪಿತು. ನನ್ನ ಬೈಂಡಿಂಗ್ ಅಂಗಡಿ ಮುಳುಗಿ, ನಾನು ಒಪ್ಪಂದಕ್ಕೆ ಸಹಿ ಹಾಕಿದ್ದು ನಿನಗೆ ಗೊತ್ತೇ ಇದೆ: ಸಾಲ ಕೊಟ್ಟವರಿಗೆಲ್ಲ ಸಂಬಳದಿಂದ ತಿಂಗಳು ತಿಂಗಳು ಹಂಚಬೇಕು, ಅದು ಮುಗಿಯುವವರೆಗೆ ಹೊಸ ಸಾಲ ಮಾಡಬಾರದು, ಬೆಲೆಬಾಳುವುದೇನನ್ನೂ ನನ್ನ ಹೆಸರಿಗೆ ಕೊಳ್ಳಬಾರದು. ಅಷ್ಟರಲ್ಲಿ ಸಿಕ್ಕಿದ ಕೆಲಸವೋ ಊರಾಚೆಯ ಆಸ್ಪತ್ರೆ ಲಾಂಡ್ರಿಯಲ್ಲಿ. ಮೊದಲ ಬಸ್ಸು ಅಲ್ಲಿಗೆ ಮುಟ್ಟುವ ಹೊತ್ತಿಗೆ ನಮ್ಮ ಮೊದಲ ಕಂತಿನ ಹಾಸುಬಟ್ಟೆಗಳು ಇಸ್ತ್ರಿಯ ಉರುಳೆ ದಾಟಿ ಮಡಿಕೆಯಾಗಿರಬೇಕು. ಎರಡು ಸಲ ತಡವಾದೆ. ಮೂರನೆಯ ಸಲಕ್ಕೆ ಬಾಗಿಲು ಎಂದರು. ಆಗ ನಿನ್ನಮ್ಮ ತನ್ನ ತಮ್ಮನಿಗೆ ಫೋನ್ ಮಾಡಿದಳು.

ನಿನ್ನ ಮಾವ, ಟೈಲ್ಸ್ ವ್ಯಾಪಾರದ ಚಕ್ರವರ್ತಿ, ತನ್ನ ಹೆಸರಲ್ಲಿ ಒಂದು ಹಳೇ ಕಾರು ಕೊಂಡು ತಂದ. ಬೀದಿಯ ತುದಿಯಿಂದಲೇ ಹಾರ್ನ್. ಎದುರು ಮನೆಯವರು, ಮಹಡಿ ಮೇಲಿನವರು, ಹೊಲಿಗೆಯಂಗಡಿಯವಳು ಎಲ್ಲ ಹೊರಗೆ ಬಂದು ನಿಂತ ಮೇಲೆಯೇ ಅವನು ಇಳಿದದ್ದು.

"ಭಾವ, ತಗೋ ಕೀ" ಅಂದ.

ಗಮನಿಸಿದೆಯಾ? ಮದುವೆಯಾದಂದಿನಿಂದ ನನಗೆ "ಭಾವ, ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದ ಹುಡುಗ. ಕೀಲಿ ಕೊಟ್ಟ ಕೈಯಲ್ಲೇ ಬಹುವಚನ ವಾಪಸ್ ತಗೊಂಡ. ಆಮೇಲೆ ಎಲ್ಲ ಅದೇ ಧಾಟಿ: "ಸೀಟಿನ ಪ್ಲಾಸ್ಟಿಕ್ ತೆಗೀಬೇಡ. ಬೇಗ ಗೇರ್ ಹಾಕ್ಬೇಡ. ಎಡಗಡೆ ಗಾಜು ಮೇಲೆ ಬರಲ್ಲ, ಬಿಡು, ಗಾಳಿ ಬರ್ತದೆ."

"ಮಳೆನೂ ಬರ್ತದೆ" ಅಂದೆ.

"ನಿಂಗೆ ಬರೀ ತಮಾಷೆ. ಅದಕ್ಕೇ ಅಂಗಡಿ ಹೋಗಿದ್ದು" ಎಂದು ನಕ್ಕ. ಎದುರು ಮನೆಯವರೂ ನಕ್ಕರು. ನಿನ್ನಮ್ಮ ಸೆರಗು ಸರಿಮಾಡಿಕೊಂಡಳು.

ಇನ್ನು ಆ ಬಾಗಿಲು! ಎರಡೂ ಕಡೆ ಕೆಂಪಕ್ಷರದಲ್ಲಿ ಅವನ ಅಂಗಡಿಯ ಹೆಸರು. ಕೆಳಗೆ "ನಮ್ಮ ಟೈಲ್ಸ್ ಮೇಲೆ ಕಾಲಿಟ್ಟರೆ ತಣ್ಣಗೆ, ನಮ್ಮ ಬೆಲೆ ಕೇಳಿದರೆ ಮನಸು ತಣ್ಣಗೆ". ಪುಟ್ಟಿ, ಸಾಲಗಾರನನ್ನು ಕ್ಷಮಿಸಬಹುದು, ತಣ್ಣಗೆಗೆ ತಣ್ಣಗೆಯನ್ನೇ ಪ್ರಾಸ ಮಾಡಿದವನನ್ನು ಕ್ಷಮಿಸಲು ಸಾಧ್ಯವೇ? "ಎರಡನೇದಕ್ಕೆ ತಲೆ ನುಣ್ಣಗೆ ಅಂತ ಹಾಕಿದ್ರೆ ನಿಜಾನೂ ಆಗ್ತಿತ್ತು" ಎಂದೆ. ಅವನಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಲಿಲ್ಲವೆಂಬುದೇ ಆ ದಿನದ ನನ್ನ ಒಟ್ಟು ಲಾಭ.

ದಿನಾ ಸಂಜೆ ಫೋನು. "ಕಾರು ಹೇಗಿದೆ?" ನಾನು ಹೇಗಿದ್ದೇನೆ ಎಂದು ಒಂದು ದಿನವೂ ಕೇಳಿಲ್ಲ. ನಿನ್ನಮ್ಮನ ಹತ್ತಿರ ಗೊಣಗಿದರೆ, "ಕೊಟ್ಟಿದ್ದಾನಲ್ಲ, ಅದು ನೋಡ್ರಿ. ಬೇರೆ ಯಾರು ಕೊಟ್ರು?" ಎನ್ನುತ್ತಾಳೆ. ಅದಕ್ಕೆ ನನ್ನ ಹತ್ತಿರ ಒಂದು ಪದ್ಯವಿದೆ: ಕಾರು ಅವನದು, ಕಾರುಬಾರು ಅವನದು, ಒಳಗೆ ಕೂತ ಬೇಜಾರು ಮಾತ್ರ ನನ್ನದು.

ಒಪ್ಪಂದ ನೋಡಿಕೊಳ್ಳುವ ಮೇಡಂಗೂ ಹೇಳಲೇಬೇಕಿತ್ತು. ಹೋದೆ. ಕನ್ನಡಕದ ಮೇಲಿಂದ ನೋಡಿದರು.

"ಕಾರು ನಿಮ್ದಾ?"

"ಅಲ್ಲ ಮೇಡಂ, ಬಾಮೈದಂದು."

"ಓಡ್ಸೋರು?"

"ನಾನು."

"ಪೆಟ್ರೋಲು, ರಿಪೇರಿ?"

"ನಾನೇ."

"ಮತ್ತೆ ಅದರಲ್ಲಿ ಅವ್ರದ್ದೇನಿದೆ?"

"ಹೆಸರು ಮೇಡಂ. ಬಾಗಿಲ ಮೇಲೇ ಇದೆ."

ಅವರು ಎದ್ದು ಕಿಟಕಿಯಿಂದ ಕೆಳಗೆ ನೋಡಿದರು. ಬಾಗಿಲನ್ನು ಪೂರ್ತಿ ಓದಿದರೆಂದು ಕಾಣುತ್ತದೆ. ಬಂದು ಕೂತು, ಪಾಪ, ಮತ್ತೇನೂ ಕೇಳದೆ ಸಹಿ ಹಾಕಿದರು. ಅವರು ನನಗೆ ಯಾವಾಗಲೂ ಬಹುವಚನವೇ. ಅದರಲ್ಲಿ ಮರ್ಯಾದೆ ಎಷ್ಟು, ದೂರ ಎಷ್ಟು ಎಂದು ನಾನು ಈಚೆಗೆ ಬಹಳ ಯೋಚಿಸುತ್ತೇನೆ. ಸಾಲ ಕೊಡುವಾಗ "ಬನ್ನಿ ಸಾರ್" ಅಂದವರು ವಸೂಲಿಗೆ ಬಂದಾಗ "ಎಲ್ಲಯ್ಯಾ ನೀನು" ಅಂದರು. ನಮ್ಮ ಭಾಷೆಯಲ್ಲಿ ಮನುಷ್ಯ ಏರಿದ್ದಾನೋ ಇಳಿದಿದ್ದಾನೋ ತಿಳಿಯಲು ಪಾಸ್‌ಬುಕ್ ಬೇಡ, ಕ್ರಿಯಾಪದದ ಬಾಲ ನೋಡಿದರೆ ಸಾಕು.

ಲಾಂಡ್ರಿಯಲ್ಲಿ ಈಗ ತಡವಾಗುವುದಿಲ್ಲ. ಬೂದುಬಣ್ಣದ ಸಮವಸ್ತ್ರ ಕೊಟ್ಟಿದ್ದಾರೆ, ಎದೆಯ ಮೇಲೆ ಜೇಬು, ಜೇಬಿನ ಮೇಲೆ ನಂಬರು. ನಿನ್ನನ್ನು ಹಾಸ್ಟೆಲಿಗೆ ಬಿಡಲು ಬಂದಾಗಲೂ ಅದೇ ಹಾಕಿದ್ದೆನಲ್ಲ, ಬದಲಾಯಿಸಲು ಹೊತ್ತಿರಲಿಲ್ಲ. ಉರುಳೆಯ ಹತ್ತಿರ ನಿಂತು ಬೆವರಿದರೂ ಬಟ್ಟೆ ಮಾತ್ರ ಬೆಳ್ಳಗೆ ಹೊರಬರುವುದನ್ನು ನೋಡಲು ಒಂಥರಾ ಸುಖ. ನಿನ್ನಮ್ಮ ಚೆನ್ನಾಗಿದ್ದಾಳೆ. ಬಾಲ್ಕನಿಯ ಹಗ್ಗದಲ್ಲಿ ನಿನ್ನ ಹಳದಿ ಟವೆಲ್ಲನ್ನು ಸುಮ್ಮನೆ ಹಾಕಿರುತ್ತಾಳೆ, ತೆಗೆಯುವುದಿಲ್ಲ.

ಹೊಟ್ಟೆ ತುಂಬ ಉಣ್ಣು. ಚೆನ್ನಾಗಿ ಓದು. ಯಾರಿಗೂ ತಲೆ ತಗ್ಗಿಸದೆ, ಯಾರ ತಲೆಯ ಮೇಲೂ ಕೂರದೆ, ನೂರು ಕಾಲ ನಗುನಗುತ್ತ ಬಾಳು.

ನಿನ್ನ,
ಅಪ್ಪ
(ಏಕವಚನ)

ಮರೆತಿದ್ದೆ: ಎಡಗಡೆಯ ಗಾಜು ಮೇಲೆ ಬರುವುದಿಲ್ಲ ಎಂದೆನಲ್ಲ, ನಿನ್ನನ್ನು ಬಿಡಲು ಬಂದ ದಿನವೂ ಬಂದಿರಲಿಲ್ಲ, ಹೊರಗಿನ ಮಾತೆಲ್ಲ ಒಳಗೆ ಕೇಳಿಸುತ್ತಿತ್ತು. ಹಾಸ್ಟೆಲಿನ ಗೇಟಿನಲ್ಲಿ ನಿನ್ನ ಗೆಳತಿ ಬಾಗಿಲ ಮೇಲಿನ ಹೆಸರು ಓದಿ, ಆಮೇಲೆ ನನ್ನ ಅಂಗಿ ನೋಡಿ, "ಇವರ್ಯಾರೇ?" ಎಂದು ಕೇಳಿದಳು. ನೀನು ಹೇಳಿದೆ: "ನಮ್ಮ ಮಾವನ ಕಾರು. ಇವ್ರು ಡ್ರೈವರು. ಟ್ರಂಕ್ ಇಳಿಸಿ ಹೋಗ್ತಾರೆ."

ಮಾತು ಕಲಿತಾಗಿನಿಂದ ನಿನಗೆ ನಾನು "ಅಪ್ಪ ಬಂದ, ಅಪ್ಪ ಹೋದ". ನಿನ್ನ ಮಾವ ಕಿತ್ತುಕೊಂಡ ಬಹುವಚನವನ್ನು ನೀನು ತಿರುಗಿ ಕೊಟ್ಟೆ. ನಾನು ಟ್ರಂಕನ್ನು ಮೇಲಿನ ಮಹಡಿಗೆ ಹೊತ್ತಿಟ್ಟು "ಬರ್ತೀನಿ ಮೇಡಂ" ಎಂದೆ. ನೀನು ತಮಾಷೆಯೆಂದು ನಕ್ಕೆ. ತಮಾಷೆಯಲ್ಲ ಪುಟ್ಟಿ, ನಿನ್ನ ಮಾತು ಸುಳ್ಳಾಗದಿರಲಿ ಎಂದು ಹಾಗೆ ಅಂದೆ.

ಮಾವನ ಮೇಲೆ ಇಷ್ಟುದ್ದ ಕಾರಿಕೊಂಡದ್ದು ಸುಮ್ಮನೆ. ಅವನು ಕೆಟ್ಟವನಲ್ಲ. ನನಗೆ ನೋವಾದದ್ದು ಅವನಿಂದಲ್ಲ.

ರಜೆಗೆ ಕಾರು ಬರುತ್ತದೆ. ಅದರಲ್ಲಿ ಯಾರು ಬರಬೇಕು ಎಂದು ತಿಳಿಸು.